ಕಚೇರಿ, ಮೊಕ್ಕಾಂ ಮತ್ತು ಇಂಗಾಲದ ಲೆಕ್ಕ: ಸರ್ಕಾರಿ ಆಡಳಿತದ ರೂಢಿಗಳನ್ನು ಕುರಿತ ಒಂದು ವಿವೇಚನೆ

ಸರ್ಕಾರಿ ಕಚೇರಿಯೆಂದರೆ ಬರೆದಿಟ್ಟ ನಿಯಮಗಳಂತೆ ನಡೆಯುವ ಸಂಸ್ಥೆ ಎಂಬ ಭಾವನೆ ಸಾಮಾನ್ಯವಾಗಿದೆ. ಕಚೇರಿಯ ದಿನಚರಿಯನ್ನು ಹತ್ತಿರದಿಂದ ಗಮನಿಸಿದರೆ ಬರೆದ ನಿಯಮಗಳಷ್ಟೇ ಪ್ರಬಲವಾದ, ಬರೆಯದ ರೂಢಿಗಳೂ ಅಲ್ಲಿ ಕೆಲಸ ಮಾಡುತ್ತಿರುವುದು ಕಂಡುಬರುತ್ತದೆ. ಸಾಹೇಬರು ಬರುವ ಮುನ್ನ ಅವರ ಕೊಠಡಿಯ ತಂಪುಯಂತ್ರವನ್ನು ಯಾರು ಹಾಕಬೇಕು, ಮೇಲಧಿಕಾರಿ ಜಿಲ್ಲೆಗೆ ಬಂದಾಗ ಎಷ್ಟು ವಾಹನಗಳು ಎದುರುಗೊಳ್ಳಬೇಕು, ಗಣಕದಲ್ಲಿರುವ ಕಡತವನ್ನು ಮತ್ತೆ ಮುದ್ರಿಸಿ ಮೇಜಿನ ಮೇಲೆ ಇಡಬೇಕೇ ಬೇಡವೇ ಎಂಬುದನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ. ಆದರೂ ಹೊಸದಾಗಿ ಸೇರಿದ ಜವಾನನಿಂದ ಹಿಡಿದು ಕಾರ್ಯದರ್ಶಿಯವರೆಗೆ ಎಲ್ಲರೂ ಇದನ್ನು ನೋಡಿ ಕಲಿಯುತ್ತಾರೆ, ಮುಂದಿನವರಿಗೆ ಕಲಿಸುತ್ತಾರೆ. ಒಂದು ತಲೆಮಾರಿನಿಂದ ಇನ್ನೊಂದು ತಲೆಮಾರಿಗೆ ಹೀಗೆ ಸಾಗಿಬರುವ ತಿಳಿವಳಿಕೆಯೇ ಜಾನಪದದ ವಸ್ತು.

ಸಮಾನವಾದ ಒಂದಾದರೂ ಅಂಶದಿಂದ ಬೆಸೆದುಕೊಂಡ ಯಾವುದೇ ಗುಂಪು 'ಜನಪದ' ಎನಿಸಿಕೊಳ್ಳಬಲ್ಲದು ಎಂದು ಅಮೆರಿಕದ ವಿದ್ವಾಂಸ ಅಲನ್ ಡಂಡೆಸ್ ಪ್ರತಿಪಾದಿಸಿದರು. ಅವರು ಕಾರ್ಲ್ ಪ್ಯಾಗ್ಟರ್ ಅವರೊಡನೆ 1975ರಲ್ಲಿ ಪ್ರಕಟಿಸಿದ ಸಂಕಲನವು ಕಚೇರಿ ನೌಕರರ ನಡುವೆ ನಕಲುಯಂತ್ರದ ಮೂಲಕ ಹರಿದಾಡುತ್ತಿದ್ದ ಬರಹ ಚಿತ್ರಗಳನ್ನೇ ಜಾನಪದ ಸಾಮಗ್ರಿಯೆಂದು ಪರಿಗಣಿಸಿತು. ಕಚೇರಿ ಜಾನಪದದ ಅಧ್ಯಯನಕ್ಕೆ ಹೀಗೆ ತೆರೆದ ದಾರಿ ಇಂದು ಇನ್ನೊಂದು ಕಾರಣಕ್ಕಾಗಿಯೂ ಮುಖ್ಯವಾಗಿದೆ. 2021ರ ನವೆಂಬರ್‌ನಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ಭಾರತವು 2070ರ ವೇಳೆಗೆ ನಿವ್ವಳ ಶೂನ್ಯ ಹೊರಸೂಸುವಿಕೆಯ ಗುರಿಯನ್ನು ಘೋಷಿಸಿತು. ಇಂಥ ಗುರಿಯನ್ನು ನಾಡಿನ ಮುಂದಿಡುವ ಸರ್ಕಾರ ತನ್ನದೇ ಕಚೇರಿಗಳಲ್ಲಿ, ತನ್ನದೇ ಪ್ರವಾಸಗಳಲ್ಲಿ ಹೊರಬಿಡುವ ಇಂಗಾಲವನ್ನು ಹೇಗೆ ಲೆಕ್ಕ ಹಾಕಬೇಕು, ಹೇಗೆ ತಗ್ಗಿಸಬೇಕು ಎಂಬ ಪ್ರಶ್ನೆಗೆ ತಂತ್ರಜ್ಞಾನವೊಂದೇ ಉತ್ತರವಾಗಲಾರದು. ಇಂಗಾಲದ ಬಹುಪಾಲು ಅಡಗಿರುವುದು ಕಚೇರಿಯ ರೂಢಿಗಳಲ್ಲಿ. ಈ ಅಂಶವನ್ನು ಕಟ್ಟಡ, ಪ್ರವಾಸ ಹಾಗೂ ಸಾರ್ವಜನಿಕರ ಅಲೆದಾಟ ಎಂಬ ಮೂರು ನೆಲೆಗಳಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಲೆಕ್ಕದ ಮೂರು ವಲಯಗಳು

ಸಂಸ್ಥೆಯೊಂದರ ಹಸಿರುಮನೆ ಅನಿಲಗಳನ್ನು ಲೆಕ್ಕ ಹಾಕಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಕ್ರಮವನ್ನು ವಿಶ್ವ ಸಂಪನ್ಮೂಲ ಸಂಸ್ಥೆ ಮತ್ತು ಸುಸ್ಥಿರ ಅಭಿವೃದ್ಧಿಗಾಗಿ ಇರುವ ವಿಶ್ವ ಉದ್ಯಮ ಮಂಡಳಿಗಳು 2001ರಲ್ಲಿ ರೂಪಿಸಿದವು. ಇದರಲ್ಲಿ ಹೊರಸೂಸುವಿಕೆಯನ್ನು ಮೂರು ವಲಯಗಳಾಗಿ ವಿಂಗಡಿಸಲಾಗುತ್ತದೆ. ಕಚೇರಿ ತಾನೇ ಸುಡುವ ಇಂಧನ, ಅಂದರೆ ಸ್ವಂತ ವಾಹನಗಳ ಪೆಟ್ರೋಲ್ ಹಾಗೂ ಡೀಸೆಲ್, ಜನರೇಟರಿನ ಡೀಸೆಲ್, ತಂಪುಯಂತ್ರದಿಂದ ಸೋರುವ ಶೈತ್ಯಕಾರಿ ಅನಿಲ ಇವು ಮೊದಲನೆಯ ವಲಯ. ಕಚೇರಿ ಕೊಂಡುಕೊಳ್ಳುವ ವಿದ್ಯುತ್ತನ್ನು ಉತ್ಪಾದಿಸುವಾಗ ದೂರದ ಸ್ಥಾವರದಲ್ಲಿ ಹೊರಬೀಳುವ ಇಂಗಾಲ ಎರಡನೆಯದು. ನೌಕರರು ರೈಲು, ವಿಮಾನ, ಬಾಡಿಗೆ ವಾಹನಗಳಲ್ಲಿ ಮಾಡುವ ಅಧಿಕೃತ ಪ್ರವಾಸ, ಮನೆಯಿಂದ ಕಚೇರಿಗೆ ದಿನನಿತ್ಯದ ಓಡಾಟ, ಕೊಂಡ ಕಾಗದ ಹಾಗೂ ಪೀಠೋಪಕರಣಗಳ ತಯಾರಿಕೆ ಮೊದಲಾದವು ಮೂರನೆಯ ವಲಯಕ್ಕೆ ಸೇರುತ್ತವೆ.

ಲೆಕ್ಕದ ಗುಣಾಂಕಗಳು ಸರಳವಾಗಿವೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋಗ್ರಾಂ, ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕದಂತೆ ಭಾರತದ ವಿದ್ಯುತ್ ಜಾಲದ ಒಂದು ಯೂನಿಟ್ಟಿಗೆ ಇತ್ತೀಚಿನ ವರ್ಷಗಳಲ್ಲಿ ಸರಾಸರಿ 0.7 ಕಿಲೋಗ್ರಾಮಿನಷ್ಟು ಇಂಗಾಲದ ಡೈಆಕ್ಸೈಡ್ ಬೀಳುತ್ತದೆ. ತಂಪುಯಂತ್ರಗಳಲ್ಲಿ ಬಳಸುವ ಆರ್-410ಎ ಎಂಬ ಅನಿಲ ಒಂದು ಕಿಲೋ ಸೋರಿದರೆ ಅದು ಸುಮಾರು 2,000 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಇಂಧನದ ರಸೀದಿ, ವಿದ್ಯುತ್ ಬಿಲ್ಲು, ತಂಪುಯಂತ್ರದ ದುರಸ್ತಿ ಚೀಟಿ ಮತ್ತು ಪ್ರಯಾಣ ಭತ್ಯೆಯ ಬಿಲ್ಲು, ಈ ನಾಲ್ಕು ಕಾಗದಗಳು ಇದ್ದರೆ ತಾಲ್ಲೂಕು ಮಟ್ಟದ ಕಚೇರಿಯ ಗುಮಾಸ್ತರೂ ತಮ್ಮ ಕಚೇರಿಯ ಇಂಗಾಲದ ಲೆಕ್ಕವನ್ನು ಬಹುಮಟ್ಟಿಗೆ ಬರೆಯಬಲ್ಲರು. ಈ ಕಾಗದಗಳೆಲ್ಲ ಈಗಾಗಲೇ ಲೆಕ್ಕಪರಿಶೋಧನೆಗಾಗಿ ಕಚೇರಿಯಲ್ಲೇ ಇರುತ್ತವೆ ಎಂಬುದು ಗಮನಾರ್ಹ. ಹಣದ ದೃಷ್ಟಿಯಿಂದ ಓದುತ್ತಿದ್ದ ದಾಖಲೆಯನ್ನೇ ಇಂಗಾಲದ ದೃಷ್ಟಿಯಿಂದ ಮತ್ತೊಮ್ಮೆ ಓದಿದರೆ ಸಾಕು.

ಕಟ್ಟಡ: ದಪ್ಪ ಗೋಡೆಯಿಂದ ತಂಪುಯಂತ್ರದವರೆಗೆ

ವಸಾಹತು ಕಾಲದ ಆಡಳಿತ ಸೆಖೆಯನ್ನು ಎರಡು ಬಗೆಯಲ್ಲಿ ಎದುರಿಸಿತು. ಮೊದಲನೆಯದು ಕಟ್ಟಡದ ವಿನ್ಯಾಸ. ಬೆಂಗಳೂರಿನಲ್ಲಿ 1860ರ ದಶಕದಲ್ಲಿ ಎದ್ದುನಿಂತ ಅಠಾರಾ ಕಚೇರಿಯ ಎತ್ತರದ ಸೂರು, ದಪ್ಪ ಗೋಡೆ, ಉದ್ದನೆಯ ಮೊಗಸಾಲೆಗಳು ಇದಕ್ಕೆ ನಿದರ್ಶನ. ಹದಿನೆಂಟು ಇಲಾಖೆಗಳ ಕಚೇರಿ ಎಂಬುದು ಹೆಸರಿನ ಅರ್ಥ. 1956ರಲ್ಲಿ ವಿಧಾನಸೌಧ ಸಿದ್ಧವಾಗುವವರೆಗೂ ರಾಜ್ಯದ ಸಚಿವಾಲಯ ಇಲ್ಲಿಯೇ ನಡೆಯುತ್ತಿತ್ತು. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಹೀಗಾಗಿ ತನ್ನ ಮೊದಲ ನಾಲ್ಕು ದಶಕಗಳ ಕಾಲ ಈ ಕಚೇರಿ ಹಗಲಿನ ಬೆಳಕು ಮತ್ತು ಗಾಳಿಯ ಆಸರೆಯಲ್ಲಿಯೇ ನಡೆಯಿತು. ಎರಡನೆಯ ಉಪಾಯವೆಂದರೆ ಕಚೇರಿಯೇ ಊರು ಬಿಟ್ಟು ಹೋಗುವುದು. 1864ರಿಂದ ಶಿಮ್ಲಾ ಬ್ರಿಟಿಷ್ ಭಾರತದ ಬೇಸಿಗೆಯ ರಾಜಧಾನಿಯಾಯಿತು. ಮದರಾಸು ಸರ್ಕಾರ ಬೇಸಿಗೆಯಲ್ಲಿ ಉದಕಮಂಡಲಕ್ಕೆ ಏರುತ್ತಿತ್ತು. ತಂಪು ಆಗಲೂ ಅಧಿಕಾರದ ಗುರುತಾಗಿಯೇ ಇತ್ತು. ಪಂಖಾ ಎಳೆಯುವ ಆಳು ಯಾರ ಕೊಠಡಿಯಲ್ಲಿದ್ದಾನೆ ಎಂಬುದು ಆ ಕೊಠಡಿಯಲ್ಲಿ ಕುಳಿತವರ ದರ್ಜೆಯನ್ನು ಹೇಳುತ್ತಿತ್ತು.

ಸ್ವಾತಂತ್ರ್ಯಾನಂತರದ ಕಚೇರಿಗಳಲ್ಲಿ ಪಂಖಾ ಹೋಗಿ ಫ್ಯಾನು ಬಂತು, ಫ್ಯಾನಿನ ಜಾಗಕ್ಕೆ ತಂಪುಯಂತ್ರ ಬಂತು. ದರ್ಜೆಯನ್ನು ಸೂಚಿಸುವ ಕೆಲಸ ಮಾತ್ರ ಹಾಗೆಯೇ ಉಳಿಯಿತು. ಒಂದು ಸಾಮಾನ್ಯ ಸೀಲಿಂಗ್ ಫ್ಯಾನು ಗಂಟೆಗೆ 75 ವ್ಯಾಟ್ ಗಂಟೆಯಷ್ಟು ವಿದ್ಯುತ್ ಬಳಸಿದರೆ ಒಂದೂವರೆ ಟನ್ನಿನ ತಂಪುಯಂತ್ರ ಪೂರ್ಣವಾಗಿ ಓಡುವಾಗ ಅದರ ಸುಮಾರು ಇಪ್ಪತ್ತು ಪಟ್ಟು ಬಳಸುತ್ತದೆ. ಒಬ್ಬರ ಕೊಠಡಿಗೆ ಬಳಕೆಯಾಗುವ ಈ ವಿದ್ಯುತ್ತು ಇಡೀ ಗುಮಾಸ್ತರ ವಿಭಾಗದ ಫ್ಯಾನುಗಳಿಗೆ ಸಾಕಾಗುತ್ತದೆ. ಕೊಠಡಿ ಎಷ್ಟು ತಣ್ಣಗಿದ್ದರೆ ಅಷ್ಟು ದೊಡ್ಡ ಅಧಿಕಾರಿ ಎಂಬ ಗ್ರಹಿಕೆ ಇರುವಲ್ಲಿ ಯಂತ್ರವನ್ನು 18 ಅಥವಾ 20 ಡಿಗ್ರಿಗೆ ಇಡುವುದು ದೇಹದ ಅಗತ್ಯಕ್ಕಿಂತ ಪದವಿಯ ಅಗತ್ಯವಾಗಿಬಿಡುತ್ತದೆ.

ಈ ರೂಢಿಯನ್ನು ತಿದ್ದಲು ನಡೆದ ಒಂದು ಸಣ್ಣ ಪ್ರಯತ್ನ ಅಧ್ಯಯನಯೋಗ್ಯವಾಗಿದೆ. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಅನ್ವಯ 2002ರಲ್ಲಿ ಸ್ಥಾಪನೆಯಾದ ಇಂಧನ ದಕ್ಷತಾ ಬ್ಯೂರೋ, ತಾಪವನ್ನು ಒಂದು ಡಿಗ್ರಿ ಏರಿಸಿದರೆ ತಂಪುಯಂತ್ರದ ವಿದ್ಯುತ್ತಿನಲ್ಲಿ ಸುಮಾರು ಶೇ. 6ರಷ್ಟು ಉಳಿತಾಯವಾಗುತ್ತದೆ ಎಂದು ಅಂದಾಜಿಸಿದೆ. ಅದರ ನಿಯಮದಂತೆ 2020ರ ಜನವರಿ 1ರಿಂದ ದೇಶದಲ್ಲಿ ಮಾರಾಟವಾಗುವ ನಕ್ಷತ್ರ ಗುರುತಿನ ಕೊಠಡಿ ತಂಪುಯಂತ್ರಗಳು ಚಾಲೂ ಆದಾಗ ತಾವಾಗಿಯೇ 24 ಡಿಗ್ರಿಗೆ ನಿಲ್ಲುವಂತೆ ತಯಾರಾಗಬೇಕು. ಬೇಕಾದವರು ಇಳಿಸಿಕೊಳ್ಳಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ ಇಳಿಸಲು ಒಬ್ಬರು ಗುಂಡಿ ಒತ್ತಲೇಬೇಕು. ರೂಢಿ ಎಂದರೆ ಯಾರೂ ಯೋಚಿಸದೆ ಮಾಡುವ ಕೆಲಸ. ಯೋಚಿಸದೆ ಮಾಡಿದಾಗ ಆಗುವ ಪರಿಣಾಮವನ್ನೇ ಈ ನಿಯಮ ಬದಲಿಸಿತು. 20 ಡಿಗ್ರಿಯಲ್ಲಿ ಓಡುತ್ತಿದ್ದ ಯಂತ್ರ 24ಕ್ಕೆ ಬಂದರೆ ಮೇಲಿನ ಅಂದಾಜಿನಂತೆ ಅದರ ವಿದ್ಯುತ್ ಬಳಕೆಯ ಐದನೇ ಒಂದು ಭಾಗಕ್ಕಿಂತ ಹೆಚ್ಚು ಉಳಿಯುತ್ತದೆ.

ಇಲಾಖೆಯೊಂದು ತನ್ನ ಸ್ವಂತ ಕಚೇರಿಯನ್ನೇ ಮಾದರಿಯಾಗಿಸಿದ ಉದಾಹರಣೆ ನವದೆಹಲಿಯ ಇಂದಿರಾ ಪರ್ಯಾವರಣ ಭವನ. ಕೇಂದ್ರ ಪರಿಸರ ಸಚಿವಾಲಯದ ಈ ಕಟ್ಟಡ 2014ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಮೇಲ್ಛಾವಣಿಯ ಮೇಲೆ 930 ಕಿಲೋವ್ಯಾಟ್ ಸಾಮರ್ಥ್ಯದ ಸೌರಫಲಕಗಳಿವೆ. ವರ್ಷಕ್ಕೆ ಸುಮಾರು 14 ಲಕ್ಷ ಯೂನಿಟ್ ಉತ್ಪಾದಿಸಿ ಅಷ್ಟನ್ನೇ ಬಳಸುವಂತೆ ಇದನ್ನು ವಿನ್ಯಾಸಗೊಳಿಸಲಾಗಿದೆ. ಹಗಲು ಬೆಳಕು ಒಳಬರುವಂತೆ ನಡುವೆ ತೆರೆದ ಅಂಗಳವಿದೆ, ನೆಲದಾಳದ ತಂಪನ್ನು ಬಳಸುವ ವ್ಯವಸ್ಥೆಯಿದೆ, ಒಳಗಿನ ತಾಪವನ್ನು 26 ಡಿಗ್ರಿಯ ಆಸುಪಾಸಿನಲ್ಲಿ ಇಡುವುದೆಂದು ವಿನ್ಯಾಸದ ಹಂತದಲ್ಲಿಯೇ ತೀರ್ಮಾನಿಸಲಾಯಿತು. ನಡುವಂಗಳದಿಂದ ಗಾಳಿ ಬೆಳಕು ಪಡೆಯುವ ತತ್ವ ತೊಟ್ಟಿಮನೆಯನ್ನು ಬಲ್ಲ ಕನ್ನಡಿಗರಿಗೆ ಹೊಸದಲ್ಲ. ತಾಪದ ತೀರ್ಮಾನ ಒಬ್ಬೊಬ್ಬ ಅಧಿಕಾರಿಯ ಕೈಯಿಂದ ಕಟ್ಟಡದ ಕೈಗೆ ಹೋದದ್ದು ಇಲ್ಲಿನ ಮುಖ್ಯ ಬದಲಾವಣೆ. ಆದರೆ ಕಟ್ಟಡ ಎಷ್ಟೇ ಉತ್ತಮವಾಗಿದ್ದರೂ ಅದರ ಲೆಕ್ಕ ಬಾಗಿಲಿಗೇ ನಿಲ್ಲುತ್ತದೆ. ಬಾಗಿಲಾಚೆ ಪ್ರವಾಸದ ಲೆಕ್ಕ ಶುರುವಾಗುತ್ತದೆ.

ಮೊಕ್ಕಾಂ: ಪ್ರಯಾಣದ ಮೂರು ಬಗೆಗಳು

ಆಡಳಿತ ಮತ್ತು ಪ್ರಯಾಣದ ನಂಟು ಕನ್ನಡ ನಾಡಿನಲ್ಲಿ ಹಳೆಯದು. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು ಆರಂಭಿಸಿದ ಅಂಚೆ ವ್ಯವಸ್ಥೆ 1889ರಲ್ಲಿ ಬ್ರಿಟಿಷ್ ಅಂಚೆಯೊಡನೆ ವಿಲೀನವಾಗುವವರೆಗೂ ನಡೆಯಿತು. ಸುದ್ದಿಯನ್ನು ಆಳು ಹೊತ್ತೊಯ್ಯುತ್ತಿದ್ದ ಆ ಕಾಲದಲ್ಲಿ ಅಧಿಕಾರಿ ಸ್ವತಃ ಹೋಗದೆ ಊರಿನ ಸ್ಥಿತಿ ತಿಳಿಯುತ್ತಿರಲಿಲ್ಲ. ಜಮಾಬಂದಿಗೆಂದು ಹೊರಟ ಅಧಿಕಾರಿ ಡೇರೆ ಹಾಕಿ ತಂಗುತ್ತಿದ್ದ ಕ್ರಮದಿಂದ 'ಮೊಕ್ಕಾಂ' ಎಂಬ ಪದ ಕನ್ನಡದಲ್ಲಿ ನೆಲೆಯೂರಿತು. ಇಂದಿಗೂ ಸರ್ಕಾರಿ ಪತ್ರಗಳಲ್ಲಿ ಊರಿನ ಹೆಸರಿನ ಹಿಂದೆ ಈ ಪದ ಕಾಣಿಸಿಕೊಳ್ಳುತ್ತದೆ. ಅದರ ಇಂಗ್ಲಿಷ್ ರೂಪ 'ಕ್ಯಾಂಪು' ಜನರ ಬಾಯಲ್ಲಿ ಬೇರೆಯದೇ ಅರ್ಥ ಪಡೆದಿದೆ. 'ಸಾಹೇಬರು ಕ್ಯಾಂಪಿನಲ್ಲಿದ್ದಾರೆ' ಎಂದರೆ ಇಂದು ಕೆಲಸ ಆಗುವುದಿಲ್ಲ ಎಂದೇ ತಿಳಿಯಬೇಕು.

ಸರ್ಕಾರಿ ಪ್ರಯಾಣವನ್ನು ಅದರ ಉದ್ದೇಶದ ದೃಷ್ಟಿಯಿಂದ ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಒಂದು, ನೋಡುವ ಪ್ರಯಾಣ. ಬರ ಬಿದ್ದ ಹೊಲ, ಒಡೆದ ಕೆರೆ ಏರಿ, ವಿವಾದದಲ್ಲಿರುವ ಜಮೀನಿನ ಗಡಿಕಲ್ಲು ಇವುಗಳನ್ನು ಕಣ್ಣಾರೆ ನೋಡದೆ ಆಡಳಿತ ನ್ಯಾಯಯುತವಾಗಿ ತೀರ್ಮಾನಿಸಲಾರದು. ಎರಡು, ಮಾತಿನ ಪ್ರಯಾಣ. ಪ್ರಗತಿ ಪರಿಶೀಲನಾ ಸಭೆ, ಅಂಕಿಅಂಶ ಒಪ್ಪಿಸುವ ಸಭೆ, ತರಬೇತಿ ಮೊದಲಾದವು ಈ ಗುಂಪಿಗೆ ಸೇರುತ್ತವೆ. ಮೂರು, ಮರ್ಯಾದೆಯ ಪ್ರಯಾಣ. ಮೇಲಿನವರನ್ನು ಗಡಿಯಲ್ಲಿ ಎದುರುಗೊಳ್ಳುವುದು, ಬೀಳ್ಕೊಡುವುದು, ಕಾರ್ಯಕ್ರಮದಲ್ಲಿ ಹಾಜರಿ ತೋರಿಸುವುದು ಇದರ ಸ್ವರೂಪ. ಪ್ರಯಾಣ ಭತ್ಯೆಯ ಬಿಲ್ಲಿನಲ್ಲಿ ಮೂರಕ್ಕೂ ಇರುವುದು 'ಕರ್ತವ್ಯ ನಿಮಿತ್ತ' ಎಂಬ ಒಂದೇ ಒಕ್ಕಣೆ. ಇಂಗಾಲ ತಗ್ಗಿಸುವ ಪ್ರಯತ್ನಕ್ಕೆ ಮೊದಲ ತೊಡಕು ಇದೇ. ಎಲ್ಲ ಪ್ರವಾಸವನ್ನೂ ಶೇಕಡಾ ಇಷ್ಟು ಕಡಿತಗೊಳಿಸಿ ಎಂಬ ಸುತ್ತೋಲೆ ಬಂದಾಗ ಮೊದಲು ಕಡಿತವಾಗುವುದು ಯಾರೂ ಗಮನಿಸದ ನೋಡುವ ಪ್ರಯಾಣ. ಮೇಲಿನವರ ಕಣ್ಣಿಗೆ ಬೀಳುವ ಮರ್ಯಾದೆಯ ಪ್ರಯಾಣ ಕೊನೆಯವರೆಗೂ ಉಳಿಯುತ್ತದೆ.

ಮಾತಿನ ಪ್ರಯಾಣದ ಬೆಲೆಯನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಬೆಂಗಳೂರಿನಿಂದ ಬೆಳಗಾವಿಗೆ ರಸ್ತೆಯ ಮೂಲಕ ಹೋಗಿಬರಲು ಸುಮಾರು 1,000 ಕಿಲೋಮೀಟರ್ ಆಗುತ್ತದೆ. ಲೀಟರಿಗೆ 12 ಕಿಲೋಮೀಟರ್ ಓಡುವ ಡೀಸೆಲ್ ವಾಹನಕ್ಕೆ 83 ಲೀಟರಿನಷ್ಟು ಇಂಧನ ಬೇಕು. ಇದರಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡ್ 220 ಕಿಲೋಗ್ರಾಮಿಗಿಂತ ಹೆಚ್ಚು. ಒಂದು ಸೀಲಿಂಗ್ ಫ್ಯಾನನ್ನು ದಿನಕ್ಕೆ ಎಂಟು ಗಂಟೆಯಂತೆ ಎರಡು ವರ್ಷಗಳ ಎಲ್ಲ ಕೆಲಸದ ದಿನಗಳಲ್ಲಿ ಓಡಿಸಿದರೂ ಇಷ್ಟೇ ಆಗುತ್ತದೆ. ಫ್ಯಾನು ಆರಿಸಿ ಎಂದು ಗೋಡೆಗೆ ಚೀಟಿ ಅಂಟಿಸಿದ ಕಚೇರಿಯಲ್ಲಿಯೇ ಒಂದು ಗಂಟೆಯ ಸಭೆಗಾಗಿ ಈ ಪ್ರಯಾಣ ನಡೆದರೆ ಚೀಟಿಯ ಫಲವೆಲ್ಲ ಒಂದೇ ದಿನ ಕರಗುತ್ತದೆ. ಕಾಗದದ ವಿಷಯವೂ ಹೀಗೆಯೇ. 500 ಹಾಳೆಗಳ ಒಂದು ಕಟ್ಟಿನ ತೂಕ ಸುಮಾರು 2.3 ಕಿಲೋ. ಕಾಗದ ಉಳಿಸುವುದು ಒಳ್ಳೆಯದೇ, ಆದರೆ ಕಡತವನ್ನು ಕಾರಿನಲ್ಲಿ ಕಳುಹಿಸುವ ರೂಢಿ ನಿಲ್ಲದಿದ್ದರೆ ಲಾಭ ಅತ್ಯಲ್ಪ.

ದೂರಸಂಪರ್ಕದ ಮೂಲಕ ಸಭೆ ನಡೆಸುವುದು ಸಾಧ್ಯವೆಂಬುದು ಕೋವಿಡ್ ಕಾಲಕ್ಕೂ ಮೊದಲೇ ತಿಳಿದಿತ್ತು. ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳೊಡನೆ ಪ್ರಧಾನಿಯವರು ದೃಶ್ಯಸಂವಾದದ ಮೂಲಕ ಯೋಜನೆಗಳನ್ನು ಪರಿಶೀಲಿಸುವ 'ಪ್ರಗತಿ' ವೇದಿಕೆ 2015ರ ಮಾರ್ಚ್‌ನಲ್ಲಿ ಆರಂಭವಾಯಿತು. 2020ರ ಲಾಕ್‌ಡೌನ್ ಈ ವಿಧಾನವನ್ನು ತಾಲ್ಲೂಕು ಮಟ್ಟಕ್ಕೂ ಇಳಿಸಿತು. ಅಲ್ಲಿಯವರೆಗೆ ಮುಖತಃ ಹಾಜರಾಗದಿದ್ದರೆ ಅಗೌರವ ಎಂಬ ಭಾವನೆ ಬಲವಾಗಿತ್ತು. ಎಲ್ಲರೂ ಒಟ್ಟಿಗೆ ಹಾಜರಾಗದಿದ್ದಾಗ ಅಗೌರವದ ಪ್ರಶ್ನೆ ತಾನಾಗಿಯೇ ಅಳಿಸಿಹೋಯಿತು.

ಪ್ರಯಾಣದ ದರ್ಜೆಯಲ್ಲಿಯೂ ಪದವಿಯ ಗುರುತು ಕೆಲಸ ಮಾಡುತ್ತದೆ. ಏಳನೆಯ ವೇತನ ಆಯೋಗದ ನಂತರ 2017ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಪ್ರಯಾಣ ಭತ್ಯೆಯ ನಿಯಮಗಳು 14ನೆಯ ಹಂತ ಮತ್ತು ಅದಕ್ಕೂ ಮೇಲಿನ ಅಧಿಕಾರಿಗಳಿಗೆ ವಿಮಾನದ ಬಿಸಿನೆಸ್ ದರ್ಜೆಯ ಅರ್ಹತೆಯನ್ನು ನೀಡಿದವು. ಬ್ರಿಟನ್ ಸರ್ಕಾರ ಪ್ರಕಟಿಸುವ ಗುಣಾಂಕಗಳಂತೆ ಸಮೀಪದ ಹಾರಾಟದಲ್ಲಿ ಬಿಸಿನೆಸ್ ಆಸನದ ಇಂಗಾಲ ಸಾಮಾನ್ಯ ಆಸನದ ಒಂದೂವರೆ ಪಟ್ಟು, ದೂರದ ಹಾರಾಟದಲ್ಲಿ ಸುಮಾರು ಮೂರು ಪಟ್ಟು. ಆಸನ ಹೆಚ್ಚು ಜಾಗ ಹಿಡಿಯುವುದೇ ಇದಕ್ಕೆ ಕಾರಣ. ಅರ್ಹತೆ ಎಂದರೆ ಗರಿಷ್ಠ ಮಿತಿ. ಆದರೆ ಕಚೇರಿಯ ರೂಢಿಯಲ್ಲಿ ಅರ್ಹತೆಗಿಂತ ಕೆಳಗಿನ ದರ್ಜೆಯಲ್ಲಿ ಹೋಗುವುದು ಪದವಿಯನ್ನು ಕಡಿಮೆ ಮಾಡಿಕೊಂಡಂತೆ.

ವಾಹನವನ್ನು ಬದಲಿಸುವುದರಿಂದ ಸಿಗುವ ಪ್ರಯೋಜನಕ್ಕೂ ಮಿತಿಯಿದೆ. 2017ರಲ್ಲಿ ಕೇಂದ್ರ ಸರ್ಕಾರದ ಸ್ವಾಮ್ಯದ ಇಂಧನ ದಕ್ಷತಾ ಸೇವಾ ಸಂಸ್ಥೆಯು ಸರ್ಕಾರಿ ಇಲಾಖೆಗಳಿಗಾಗಿ 10,000 ವಿದ್ಯುತ್ ಕಾರುಗಳಿಗೆ ಟೆಂಡರ್ ಕರೆಯಿತು. ಕಿಲೋಮೀಟರಿಗೆ 0.15 ಯೂನಿಟ್ ಬಳಸುವ ವಿದ್ಯುತ್ ಕಾರು ಇಂದಿನ ವಿದ್ಯುತ್ ಜಾಲದಲ್ಲಿ ಕಿಲೋಮೀಟರಿಗೆ 100 ಗ್ರಾಮಿಗೂ ಸ್ವಲ್ಪ ಹೆಚ್ಚು ಇಂಗಾಲಕ್ಕೆ ಕಾರಣವಾಗುತ್ತದೆ. ಲೀಟರಿಗೆ 15 ಕಿಲೋಮೀಟರ್ ಓಡುವ ಡೀಸೆಲ್ ಕಾರಿನದು 180 ಗ್ರಾಂ. ಉಳಿತಾಯ ನಿಜ, ಆದರೆ ಪೂರ್ಣವಲ್ಲ. ಎದುರುಗೊಳ್ಳಲು ಐದು ಡೀಸೆಲ್ ಕಾರು ಹೋಗುವಲ್ಲಿ ಐದು ವಿದ್ಯುತ್ ಕಾರು ಹೋದರೆ ಇಂಗಾಲದ ಅರ್ಧಕ್ಕಿಂತ ಹೆಚ್ಚು ಹಾಗೆಯೇ ಉಳಿಯುತ್ತದೆ, ರೂಢಿಯಂತೂ ಪೂರ್ತಿಯಾಗಿ ಉಳಿಯುತ್ತದೆ.

ಆದೇಶ ಮತ್ತು ರೂಢಿ

ಪದವಿಯ ಗುರುತನ್ನು ಆದೇಶದಿಂದ ತೆಗೆಯಬಹುದೇ ಎಂಬ ಪ್ರಶ್ನೆಗೆ 2017ರ ಮೇ 1ರಂದು ಜಾರಿಗೆ ಬಂದ ಕೆಂಪುದೀಪದ ನಿಷೇಧ ಭಾಗಶಃ ಉತ್ತರ ನೀಡುತ್ತದೆ. ಮಂತ್ರಿಗಳ ಹಾಗೂ ಅಧಿಕಾರಿಗಳ ಕಾರುಗಳ ಮೇಲಿನ ದೀಪ ಒಮ್ಮೆಗೇ ಇಳಿಯಿತು. ಯಾರೊಬ್ಬರಿಗೂ ವಿನಾಯಿತಿ ಇಲ್ಲದಿದ್ದುದರಿಂದ ಯಾರಿಗೂ ಅವಮಾನವೆನಿಸಲಿಲ್ಲ.

ಆದರೆ ಆದೇಶವೊಂದನ್ನೇ ನಂಬಿದ ಪ್ರಯತ್ನ ಎಷ್ಟು ಅಸ್ಥಿರ ಎಂಬುದನ್ನು ಅಮೆರಿಕದ ಅನುಭವ ತೋರಿಸುತ್ತದೆ. 2009ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಬರಾಕ್ ಒಬಾಮ ಅವರು ಕೇಂದ್ರ ಸರ್ಕಾರದ ಎಲ್ಲ ಸಂಸ್ಥೆಗಳೂ ತಮ್ಮ ಕಟ್ಟಡ, ವಾಹನ, ನೌಕರರ ಪ್ರವಾಸಗಳ ಹಸಿರುಮನೆ ಅನಿಲವನ್ನು ಅಳೆದು ತಗ್ಗಿಸಬೇಕೆಂದು ಆದೇಶಿಸಿದರು. 2015ರ ಆದೇಶ 2008ರ ಮಟ್ಟಕ್ಕಿಂತ ಶೇ. 40ರಷ್ಟು ಕಡಿತವನ್ನು 2025ರೊಳಗೆ ಸಾಧಿಸುವ ಗುರಿ ಇಟ್ಟಿತು. 2018ರಲ್ಲಿ ಡೊನಾಲ್ಡ್ ಟ್ರಂಪ್ ಅವರ ಆಡಳಿತ ಅದನ್ನು ರದ್ದುಮಾಡಿತು. 2021ರ ಡಿಸೆಂಬರ್‌ನಲ್ಲಿ ಜೋ ಬೈಡನ್ ಅವರು 2030ರೊಳಗೆ ಶೇ. 65ರಷ್ಟು ಕಡಿತದ ಹೊಸ ಆದೇಶ ಹೊರಡಿಸಿದರು. 2025ರ ಜನವರಿ 20ರಂದು, ಟ್ರಂಪ್ ಮರಳಿ ಅಧಿಕಾರಕ್ಕೆ ಬಂದ ದಿನವೇ, ಅದೂ ರದ್ದಾಯಿತು. ಇದಕ್ಕೆ ಹೋಲಿಸಿದರೆ ಸರ್ಕಾರಿ ಕಟ್ಟಡಗಳಿಗೆ 2012ರೊಳಗೆ ವಿದ್ಯುತ್ ಮೀಟರ್ ಅಳವಡಿಸಬೇಕೆಂದ 2005ರ ಕಾಯ್ದೆಯ ಕೆಲಸ ನಿಂತಿದೆ. ಗೋಡೆಗೆ ಕೂತ ಮೀಟರನ್ನು ಹೊಸ ಅಧ್ಯಕ್ಷರ ಸಹಿ ಕಿತ್ತುಹಾಕುವುದಿಲ್ಲ.

ಭಾರತದಲ್ಲಿ ಜಮ್ಮು ಕಾಶ್ಮೀರದ 'ದರ್ಬಾರ್ ಸ್ಥಳಾಂತರ' ಇದರ ಇನ್ನೊಂದು ಮುಖವನ್ನು ತೋರಿಸುತ್ತದೆ. ಮಹಾರಾಜ ರಣಬೀರ್ ಸಿಂಗ್ 1872ರಲ್ಲಿ ಆರಂಭಿಸಿದರೆನ್ನಲಾದ ಈ ಪದ್ಧತಿಯಂತೆ ಸಚಿವಾಲಯ ಬೇಸಿಗೆಯಲ್ಲಿ ಶ್ರೀನಗರದಲ್ಲಿ, ಚಳಿಗಾಲದಲ್ಲಿ ಜಮ್ಮುವಿನಲ್ಲಿ ಕೆಲಸ ಮಾಡುತ್ತಿತ್ತು. ವರ್ಷಕ್ಕೆ ಎರಡು ಬಾರಿ ಕಡತಗಳು ಲಾರಿಗಳಲ್ಲಿ ಪರ್ವತ ದಾಟುತ್ತಿದ್ದವು. 2021ರ ಜೂನ್‌ನಲ್ಲಿ ಕಡತಗಳೆಲ್ಲ ಗಣಕಕ್ಕೆ ಬಂದ ಕಾರಣ ಕೊಟ್ಟು ಆಡಳಿತ ಈ ಪದ್ಧತಿಯನ್ನು ನಿಲ್ಲಿಸಿತು, ವರ್ಷಕ್ಕೆ 200 ಕೋಟಿ ರೂಪಾಯಿ ಉಳಿಯುತ್ತದೆ ಎಂದು ಹೇಳಿತು. 2025ರಲ್ಲಿ ಚುನಾಯಿತ ಸರ್ಕಾರ ಅದನ್ನು ಮತ್ತೆ ಆರಂಭಿಸಿತು. ಜಮ್ಮುವಿನ ಮಾರುಕಟ್ಟೆಗೆ ಚಳಿಗಾಲದ ವ್ಯಾಪಾರ ಬೇಕಿತ್ತು, ಎರಡು ಪ್ರದೇಶಗಳ ನಡುವಿನ ಬೆಸುಗೆ ಎಂಬ ಭಾವನೆಯೂ ಇತ್ತು. ಕಡತದ ಪ್ರಯಾಣ ಅನಗತ್ಯವಾದರೂ ಮನುಷ್ಯರ ಪ್ರಯಾಣಕ್ಕೆ ಬೇರೆ ಅರ್ಥಗಳಿದ್ದವು. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆಯುವ ಅಧಿವೇಶನಕ್ಕೂ ಇಂಥದೇ ಸಾಂಕೇತಿಕ ಮೌಲ್ಯವಿದೆ. ರೂಢಿಯೊಂದನ್ನು ಕೈಬಿಡುವ ಮೊದಲು ಅದು ಜನರಿಗೆ ಏನನ್ನು ಕೊಡುತ್ತಿದೆ ಎಂದು ಕೇಳಬೇಕಾಗುತ್ತದೆ. ಅದನ್ನು ಕೇಳದ ಕಡಿತ ಬಹುಕಾಲ ಬಾಳುವುದಿಲ್ಲ.

ಲೆಕ್ಕದ ಹೊರಗೆ ಉಳಿದ ಅಲೆದಾಟ

ಇಲ್ಲಿಯವರೆಗಿನ ಚರ್ಚೆ ಕಚೇರಿಯವರ ಪ್ರಯಾಣಕ್ಕೆ ಸೀಮಿತವಾಗಿತ್ತು. ಆದರೆ ಜನರ ಆಡುಮಾತಿನಲ್ಲಿ ಸರ್ಕಾರಿ ಕಚೇರಿಯ ಸಂಬಂಧವಾಗಿ ಬರುವ ಪ್ರಯಾಣ ಬೇರೆಯೇ. 'ಕಚೇರಿಗೆ ಅಲೆದು ಚಪ್ಪಲಿ ಸವೆಯಿತು' ಎಂಬ ಮಾತು ನಾಡಿನ ಎಲ್ಲೆಡೆ ಕೇಳಿಬರುತ್ತದೆ. ಮನೆ ಬಾಗಿಲಿಗೆ ಬರುವ ದೆವ್ವವನ್ನು ಹಿಂದಕ್ಕೆ ಕಳುಹಿಸಲು ಗೋಡೆಯ ಮೇಲೆ 'ನಾಳೆ ಬಾ' ಎಂದು ಬರೆಯುವ ನಂಬಿಕೆ 1990ರ ದಶಕದಲ್ಲಿ ಕರ್ನಾಟಕದ ಹಲವು ಊರುಗಳಲ್ಲಿ ಹಬ್ಬಿತ್ತು. ಅದೇ ಮಾತನ್ನು ಅರ್ಜಿದಾರರು ಕಚೇರಿಯ ಕಿಟಕಿಯಲ್ಲಿ ಕೇಳುತ್ತಾರೆ. ದೆವ್ವದಂತೆ ಅವರೂ ಮರುದಿನ ಬರುತ್ತಾರೆ, ಆದರೆ ಬರುವಾಗ ಇಂಧನ ಸುಟ್ಟುಕೊಂಡು ಬರುತ್ತಾರೆ.

ಈ ಅಲೆದಾಟದ ಪ್ರಮಾಣವನ್ನು ಒಂದು ಕಲ್ಪಿತ ಉದಾಹರಣೆಯಿಂದ ಅಂದಾಜಿಸಬಹುದು. ತಾಲ್ಲೂಕು ಕಚೇರಿಯೊಂದು ದಿನಕ್ಕೆ 100 ಯೂನಿಟ್ ವಿದ್ಯುತ್ ಬಳಸುತ್ತದೆ ಎಂದುಕೊಂಡರೆ ಅದರ ಇಂಗಾಲ 70 ಕಿಲೋಗ್ರಾಂ. ಆ ಕಚೇರಿಗೆ 25 ಕಿಲೋಮೀಟರ್ ದೂರದಿಂದ 100 ಜನ ಬೈಕಿನಲ್ಲಿ ಬಂದುಹೋದರೆ ತಲಾ ಒಂದು ಲೀಟರ್ ಪೆಟ್ರೋಲಿನಂತೆ 230 ಕಿಲೋಗ್ರಾಂ ಆಗುತ್ತದೆ. ಬಸ್ಸಿನಲ್ಲಿ ಬರುವವರ ಪಾಲು ಇದಕ್ಕಿಂತ ಕಡಿಮೆ. ಆದರೂ ಜನರ ಓಡಾಟದ ಇಂಗಾಲ ಕಚೇರಿಯ ವಿದ್ಯುತ್ತಿನ ಇಂಗಾಲವನ್ನು ಸುಲಭವಾಗಿ ಮೀರಬಲ್ಲದು. ಅಧಿಕಾರಿ ಕ್ಯಾಂಪಿನಲ್ಲಿದ್ದ ಕಾರಣಕ್ಕೆ ಇವರಲ್ಲಿ ಅರ್ಧ ಜನ ಮತ್ತೊಮ್ಮೆ ಬಂದರೆ ಒಂದು ಪ್ರವಾಸದ ಹಿಂದೆ ಐವತ್ತು ಪ್ರವಾಸಗಳು ಹುಟ್ಟಿದಂತಾಯಿತು. ಮೂರು ವಲಯಗಳ ಲೆಕ್ಕಪದ್ಧತಿ ಸಾರ್ವಜನಿಕರ ಈ ಓಡಾಟವನ್ನು ಕಚೇರಿಯ ಹೆಸರಿಗೆ ಬರೆಯಬೇಕೆಂದು ಒತ್ತಾಯಿಸುವುದಿಲ್ಲ.

ಕರ್ನಾಟಕದ ಆಡಳಿತ ಸುಧಾರಣೆಗಳನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡುವುದು ಉಪಯುಕ್ತ. 1961ರ ಕಾಯ್ದೆಯಿಂದ ವಂಶಪಾರಂಪರ್ಯ ಗ್ರಾಮಾಧಿಕಾರ ರದ್ದಾಗುವವರೆಗೆ ಶಾನುಭೋಗರ ದಫ್ತರ ಹಳ್ಳಿಯಲ್ಲಿಯೇ ಇತ್ತು. ಆ ವ್ಯವಸ್ಥೆಯ ಜಾತಿ ಶ್ರೇಣಿ ಹಾಗೂ ಏಕಸ್ವಾಮ್ಯ ಅಳಿದದ್ದು ನ್ಯಾಯವೇ ಆಗಿದೆ. 2000ದ ಸುಮಾರಿಗೆ ಆರಂಭವಾದ ಭೂಮಿ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದು ತಾಲ್ಲೂಕು ಕೇಂದ್ರದಲ್ಲಿ ಒದಗಿಸಿತು. ಕೈಬರಹದ ದಾಖಲೆಗಾಗಿ ಕಾಯುವುದು ತಪ್ಪಿತು, ಆದರೆ ಹಳ್ಳಿಯ ರೈತ ತಾಲ್ಲೂಕಿಗೆ ಹೋಗಬೇಕಾಯಿತು. 2012ರಲ್ಲಿ ಜಾರಿಗೆ ಬಂದ ಸಕಾಲ ವ್ಯವಸ್ಥೆ ಸೇವೆಗೆ ದಿನಗಳ ಗಡುವು ವಿಧಿಸಿತು. ಅದರ ಉದ್ದೇಶ ನಾಗರಿಕರ ಹಕ್ಕು. ಆದರೆ 'ನಾಳೆ ಬಾ' ಎನ್ನುವುದಕ್ಕೆ ಮಿತಿ ಹಾಕಿದ್ದರಿಂದ ಮರುಪ್ರಯಾಣಕ್ಕೂ ಮಿತಿ ಬಿದ್ದಿತು. ನಾಡಕಚೇರಿಗಳು ಹೋಬಳಿಗೆ, 2022ರ ಗ್ರಾಮ ಒನ್ ಕೇಂದ್ರಗಳು ಗ್ರಾಮ ಪಂಚಾಯತಿಗೆ ಸೇವೆಯನ್ನು ಇಳಿಸಿದವು.

2021ರ ಫೆಬ್ರವರಿಯಲ್ಲಿ ಆರಂಭವಾದ 'ಜಿಲ್ಲಾಧಿಕಾರಿಗಳ ನಡೆ ಹಳ್ಳಿ ಕಡೆ' ಕಾರ್ಯಕ್ರಮ ಈ ಚರ್ಚೆಯಲ್ಲಿ ವಿಶೇಷ ಮಹತ್ವದ್ದು. ತಿಂಗಳಿಗೊಮ್ಮೆ ಅಧಿಕಾರಿಗಳು ಹಳ್ಳಿಗೆ ಹೋಗಿ ಅಲ್ಲಿಯೇ ಅರ್ಜಿ ಸ್ವೀಕರಿಸುವ ಈ ಕ್ರಮ ಹಳೆಯ ಮೊಕ್ಕಾಮಿನ ಹೊಸ ರೂಪ. ಕಚೇರಿಯ ಇಂಗಾಲದ ಪುಸ್ತಕದಲ್ಲಿ ಇದು ಹೆಚ್ಚಳವಾಗಿ ಕಾಣುತ್ತದೆ, ಏಕೆಂದರೆ ಸರ್ಕಾರಿ ವಾಹನ ಓಡಿತು. ಆದರೆ ನೂರು ಬೈಕುಗಳು ಊರಲ್ಲೇ ನಿಂತವು. ಕಚೇರಿಯ ಗೋಡೆಯೊಳಗಿನ ಲೆಕ್ಕವನ್ನಷ್ಟೇ ನೋಡುವ ಅಧಿಕಾರಿ ಇಂಥ ಪ್ರವಾಸವನ್ನು ನಿಲ್ಲಿಸಿ ಹೊರಸೂಸುವಿಕೆ ತಗ್ಗಿತೆಂದು ವರದಿ ಬರೆಯಬಲ್ಲರು. ವರದಿ ಸರಿಯಾಗಿಯೇ ಇರುತ್ತದೆ, ವಾತಾವರಣಕ್ಕೆ ಸೇರುವ ಇಂಗಾಲ ಮಾತ್ರ ಹೆಚ್ಚಾಗಿರುತ್ತದೆ.

ಜನಪದರು ತಮ್ಮ ಪ್ರಯಾಣವನ್ನು ತಾವೇ ಮಿತಗೊಳಿಸಿಕೊಂಡ ಒಂದು ರೂಢಿಯೂ ಇದೆ. ಹಳ್ಳಿಯವರು ತಾಲ್ಲೂಕಿನ ಕೆಲಸವನ್ನು ಸಂತೆಯ ದಿನಕ್ಕೆ ಇಟ್ಟುಕೊಳ್ಳುತ್ತಾರೆ. ಕಾಯಿಪಲ್ಲೆ, ಬಿತ್ತನೆ ಬೀಜ, ನೆಂಟರ ಭೇಟಿ, ಬ್ಯಾಂಕು, ಕಚೇರಿ ಎಲ್ಲವೂ ಒಂದೇ ಪ್ರಯಾಣದಲ್ಲಿ ಮುಗಿಯಬೇಕು. ಕಚೇರಿಯ ಸಭೆಗಳು ಮತ್ತು ಕ್ಯಾಂಪುಗಳನ್ನು ನಿಗದಿಪಡಿಸುವವರು ಈ ಪಂಚಾಂಗವನ್ನು ಗಮನಿಸುವುದಿಲ್ಲ. ಸಂತೆಯ ದಿನ ಅಧಿಕಾರಿ ತಪ್ಪದೆ ಕುರ್ಚಿಯಲ್ಲಿರಬೇಕೆಂಬ ನಿಯಮಕ್ಕೆ ಖರ್ಚೇನೂ ಇಲ್ಲ. ಅದರಿಂದ ಉಳಿಯುವ ಇಂಧನ ಛಾವಣಿಯ ಸೌರಫಲಕದ ಉಳಿತಾಯಕ್ಕಿಂತ ಕಡಿಮೆಯಿರಲಾರದು.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಸರ್ಕಾರಿ ಕಚೇರಿಯ ಇಂಗಾಲವನ್ನು ತಗ್ಗಿಸಲು ಬೇಕಾದ ದಾಖಲೆಗಳು ಈಗಾಗಲೇ ಕಚೇರಿಯಲ್ಲಿವೆ. ಪ್ರಯಾಣದ ದಿನಚರಿಯಲ್ಲಿ ನೋಡಲು, ಮಾತನಾಡಲು, ಮರ್ಯಾದೆಗೆ ಎಂಬ ಮೂರು ಕಲಮುಗಳನ್ನು ಸೇರಿಸಿದರೆ ಯಾವುದನ್ನು ಉಳಿಸಬೇಕು, ಯಾವುದನ್ನು ದೃಶ್ಯಸಂವಾದಕ್ಕೆ ಒಪ್ಪಿಸಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಎರಡನೆಯದಾಗಿ, ಪದವಿಗೆ ಅಂಟಿಕೊಂಡ ರೂಢಿಯನ್ನು ಒಬ್ಬಿಬ್ಬರು ಬಿಟ್ಟರೆ ಅವರಿಗೆ ಕುಂದು, ಎಲ್ಲರೂ ಒಮ್ಮೆಗೇ ಬಿಟ್ಟರೆ ಯಾರಿಗೂ ಕುಂದಿಲ್ಲ. 24 ಡಿಗ್ರಿಯ ನಿಯಮ, ಕೆಂಪುದೀಪದ ನಿಷೇಧ, 2020ರ ದೃಶ್ಯಸಂವಾದ ಸಭೆಗಳು ಮೂರೂ ಈ ಕಾರಣದಿಂದಲೇ ಫಲಿಸಿದವು. ಮೂರನೆಯದಾಗಿ, ಕಚೇರಿ ತಾನು ಮಾಡುವ ಪ್ರಯಾಣದ ಜೊತೆಗೆ ಇತರರಿಂದ ಮಾಡಿಸುವ ಪ್ರಯಾಣವನ್ನೂ ತನ್ನ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕೊನೆಯ ಅಂಶ ಕೇವಲ ಲೆಕ್ಕದ ಪ್ರಶ್ನೆಯಲ್ಲ. ಕಚೇರಿಗೆ ಮೂರು ಬಾರಿ ಅಲೆಯುವ ಒಣಬೇಸಾಯದ ರೈತ ಒಂದು ದಿನದ ಕೂಲಿಯನ್ನೂ ಒಂದು ಲೀಟರ್ ಪೆಟ್ರೋಲನ್ನೂ ಪ್ರತಿ ಬಾರಿ ಕಳೆದುಕೊಳ್ಳುತ್ತಾನೆ. ಮಳೆ ತಪ್ಪಿದ ವರ್ಷ ಬೆಳೆ ಪರಿಹಾರದ ಅರ್ಜಿ ಹಿಡಿದು ಅದೇ ಕಚೇರಿಗೆ ಮತ್ತೆ ಬರುವವನೂ ಅವನೇ. ಅವನ ಆ ಓಡಾಟಗಳನ್ನು ಎಣಿಸುವ ವಹಿ ಸದ್ಯಕ್ಕೆ ಯಾವ ಕಚೇರಿಯಲ್ಲೂ ಇಟ್ಟಂತಿಲ್ಲ. ಅರ್ಜಿಯ ರಸೀದಿಯ ಮೇಲೆ 'ಇದು ಎಷ್ಟನೆಯ ಭೇಟಿ' ಎಂಬ ಒಂದು ಸಾಲನ್ನು ಸೇರಿಸುವುದರಿಂದ ಆ ಎಣಿಕೆ ಆರಂಭವಾಗಬಹುದು. ಆ ಸಾಲಿನಲ್ಲಿ ತುಂಬುವ ಅಂಕಿಗಳನ್ನು ಒಂದು ತಾಲ್ಲೂಕಿನಲ್ಲಾದರೂ ವರ್ಷವಿಡೀ ಸಂಗ್ರಹಿಸಿ ಅಧ್ಯಯನ ಮಾಡುವುದು ಆಡಳಿತ ಹಾಗೂ ಜಾನಪದ ಎರಡೂ ಕ್ಷೇತ್ರಗಳ ಸಂಶೋಧಕರ ಮುಂದಿರುವ ಕೆಲಸವಾಗಿದೆ.